ಬೈಕಿನ ಕನ್ನಡಿ ಮತ್ತು ಹದಿನಾಲ್ಕನೇ ನಂಬರಿನ ಸ್ಪ್ಯಾನರು

ವಿಜಯನಗರ ಮೆಟ್ರೋ ನಿಲ್ದಾಣದ ತಪಾಸಣೆಯ ಚೌಕಟ್ಟನ್ನು ದಾಟುತ್ತಿದ್ದಂತೆ ಅದು ಕುಂಯ್ ಎಂದು ಕೂಗಿಕೊಂಡಿತು. ಯಂತ್ರ ಕೂಗಿದ್ದು ಒಂದು ಸಲ, ನನ್ನ ಎದೆ ಕೂಗಿದ್ದು ನಾಲ್ಕು ಸಲ. ಕಾವಲಿನಾತ ನನ್ನ ಪ್ಯಾಂಟಿನ ಜೇಬನ್ನು ಹೊರಗಿನಿಂದ ತಟ್ಟಿ ನೋಡಿ, "ಏನ್ ಸಾರ್ ಇದು? ಆಚೆ ತೆಗೀರಿ" ಎಂದ. ತೆಗೆದೆ. ಗೇಣುದ್ದದ, ಹದಿನಾಲ್ಕನೇ ನಂಬರಿನ ಸ್ಪ್ಯಾನರು.

"ಮೆಕ್ಯಾನಿಕ್ಕಾ?"

"ಇಲ್ಲ, ಇನ್ಶೂರೆನ್ಸ್ ಆಫೀಸು."

"ಮತ್ತೆ ಇದ್ಯಾಕೆ?"

"ಬೈಕ್ ಕನ್ನಡಿಗೆ."

"ಬೈಕ್ ಎಲ್ಲಿ?"

"ಮಗಳು ತಗೊಂಡು ಹೋದ್ಲು."

ಆತ ನನ್ನನ್ನೊಮ್ಮೆ, ಸ್ಪ್ಯಾನರನ್ನೊಮ್ಮೆ ನೋಡಿದ. ಅವನ ತಪ್ಪಿಲ್ಲ. ಬೈಕೇ ಇಲ್ಲದವನ ಜೇಬಿನಲ್ಲಿ ಬೈಕಿನ ಸ್ಪ್ಯಾನರಿದ್ದರೆ ನಾನಾದರೂ ಹಾಗೇ ನೋಡುತ್ತಿದ್ದೆ. "ಒಳಗೆ ಬಿಡಕ್ಕಾಗಲ್ಲ ಸಾರ್" ಎಂದ. ಮೆಟ್ಟಿಲಿಳಿದು, ಕೆಳಗೆ ಹೂ ಮಾರುವ ಹೆಂಗಸಿನ ಹತ್ತಿರ ಅದನ್ನು ಕೊಟ್ಟು, ಸಂಜೆ ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಮತ್ತೆ ಹತ್ತಿ ಬಂದೆ. ಆಕೆ ಏನೂ ಕೇಳದೆ ಅದನ್ನು ಮಲ್ಲಿಗೆಯ ಬುಟ್ಟಿಯ ಒದ್ದೆ ಬಟ್ಟೆಯ ಕೆಳಗೆ ಸೇರಿಸಿದಳು. ಅವತ್ತು ನಾನು ಯಾವ ಕಡೆಯ ರೈಲು ಹತ್ತಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ಆ ಕಾವಲಿನಾತನ ಪಕ್ಷ ಸೇರಿಬಿಡುತ್ತೀರಿ.

ಬೈಕಿನ ಕನ್ನಡಿಯನ್ನು ಕೂರಿಸುವುದು ಹೇಗೆಂದು ನಿಮಗೆ ಗೊತ್ತಿರಬಹುದು. ಕೆಳಗಿನ ಮೂಲೆಯಲ್ಲಿ ನಮ್ಮ ಮೊಣಕೈ ಒಂದು ಚೂರು ಕಾಣಬೇಕು. ಉಳಿದದ್ದೆಲ್ಲ ರಸ್ತೆಯಾಗಿರಬೇಕು. ರಸ್ತೆ ಮುಗಿದು ಆಕಾಶ ಶುರುವಾಗುವ ಗೆರೆ ಕನ್ನಡಿಯ ನಡುಮಧ್ಯಕ್ಕೆ ಬರಬೇಕು. ಇಷ್ಟೇ. ಈ ಇಷ್ಟಕ್ಕೆ ನನಗೆ ದಿನವೂ ಹತ್ತು ನಿಮಿಷ ಹಿಡಿಯುತ್ತದೆ. ಮೊಣಕೈ ಜಾಸ್ತಿ ಕಂಡರೆ ಅಷ್ಟು ರಸ್ತೆ ದಂಡವಾಯಿತಲ್ಲ ಎಂದು ಹೊರಕ್ಕೆ ತಿರುಗಿಸುತ್ತೇನೆ. ಮೊಣಕೈಯೇ ಕಾಣದಿದ್ದರೆ ನಾನೆಲ್ಲಿ ಹೋದೆ ಎಂದು ಗಾಬರಿಯಾಗಿ ಒಳಕ್ಕೆ ತಿರುಗಿಸುತ್ತೇನೆ. "ಮದುವೆ ಹೆಣ್ಣಿಗೂ ಇಷ್ಟು ಹೊತ್ತು ಕನ್ನಡಿ ಬೇಡ ಕಣ್ರೀ" ಎನ್ನುತ್ತಾಳೆ ನನ್ನ ಹೆಂಡತಿ ಸುಮಾ, ಬ್ಯಾಗು ಹಿಡಿದು ಗೇಟಿನಲ್ಲಿ ನಿಂತು.

ಅವಳಿಗೇನು ಗೊತ್ತು. ಇಪ್ಪತ್ತಾರು ವರ್ಷದಿಂದ ನಾನು ಕೂತಿರುವ ಮೇಜಿನ ಮೇಲೆ ಬರುವುದೆಲ್ಲ ವಾಹನ ಅಪಘಾತದ ಅರ್ಜಿಗಳು. ಅರ್ಜಿ ಬರೆದವರು ಬೇರೆ ಬೇರೆ, ಊರು ಬೇರೆ, ಗಾಡಿ ಬೇರೆ. ವಾಕ್ಯ ಮಾತ್ರ ಒಂದೇ: ‘ಹಿಂದಿನಿಂದ ಬರುತ್ತಿದ್ದ ವಾಹನವನ್ನು ಗಮನಿಸದೆ...’ ಮುಂದಿನದನ್ನು ನಾನು ಓದುವುದಿಲ್ಲ, ಮೊಹರು ಹಾಕುತ್ತೇನೆ. ಆದರೆ ಬೈಕು ಹತ್ತಿದ ಕೂಡಲೇ ಆ ವಾಕ್ಯ ನನ್ನ ಹಿಂದೆ ಬಂದು ಕೂರುತ್ತದೆ. ಸುಮಾ ಕೂತರೆ ಬೈಕು ತೂಕಕ್ಕೆ ಕೊಂಚ ತಗ್ಗುತ್ತದೆ. ಈ ವಾಕ್ಯಕ್ಕೆ ತೂಕವಿಲ್ಲ, ಬೆನ್ನಿಗೆ ತಣ್ಣಗೆ ತಾಗಿಕೊಂಡಿರುತ್ತದೆ.

ಇಷ್ಟು ಕಷ್ಟಪಟ್ಟು ಕೂರಿಸಿದ ಕನ್ನಡಿ ಕೂರಿಸಿದ ಹಾಗೆ ಇರುತ್ತದೆಯೇ? ನಮ್ಮ ಕಡೆ ನಿಲ್ಲಿಸಿದ ಬೈಕಿನ ಕನ್ನಡಿ ಬೀದಿ ನಲ್ಲಿ ಇದ್ದಂತೆ, ಯಾರು ಬೇಕಾದರೂ ಉಪಯೋಗಿಸಬಹುದು. ಕಾಲೇಜು ಹುಡುಗರು ತಲೆ ಬಾಚುತ್ತಾರೆ. ಹೆಂಗಸರು ಬೊಟ್ಟು ಸರಿಮಾಡಿಕೊಳ್ಳುತ್ತಾರೆ. ಪಾರ್ಕಿಂಗಿನಲ್ಲಿ ಪಕ್ಕಕ್ಕೆ ಗಾಡಿ ತುರುಕುವವರು ಬಾಗಿಲು ತಳ್ಳಿದಂತೆ ತಳ್ಳುತ್ತಾರೆ. ಕಾಗೆ ಬಂದು ಒಳಗಿನ ಕಾಗೆಯ ಮೇಲೆ ಜಗಳಕ್ಕೆ ನಿಲ್ಲುತ್ತದೆ. ಆರ್‌ಪಿಸಿ ಲೇಔಟಿನ ತರಕಾರಿ ಅಂಗಡಿಯಿಂದ ಹೊರಗೆ ಬಂದು ನೋಡುತ್ತೇನೆ, ಅಪರಿಚಿತರೊಬ್ಬರು ನನ್ನ ಬಲಗಡೆಯ ಕನ್ನಡಿಯನ್ನು ಬಾಯಿಯ ಮಟ್ಟಕ್ಕೆ ತಿರುಗಿಸಿಕೊಂಡು ಹಲ್ಲಿನ ಸಂದಿಯಿಂದ ಸೊಪ್ಪು ತೆಗೆಯುತ್ತಿದ್ದಾರೆ. ನನ್ನನ್ನು ಕಂಡು ಒಂದಿಷ್ಟೂ ನಾಚದೆ, "ನಿಮ್ದಾ ಸಾರ್ ಗಾಡಿ? ಕನ್ನಡಿ ಗಲೀಜಾಗಿತ್ತು, ಒರೆಸಿದೀನಿ" ಎಂದರು. ನಾನು ಥ್ಯಾಂಕ್ಸ್ ಅಂದೆ. ಹೆದರುವವರು ಎಲ್ಲದಕ್ಕೂ ಥ್ಯಾಂಕ್ಸ್ ಅನ್ನುತ್ತೇವೆ.

ಕನ್ನಡಿ ಬಿಗಿ ಮಾಡಿಸಲು ಕುರುಬರಹಳ್ಳಿಯ ಮೆಕ್ಯಾನಿಕ್ ಬಾಬು ಹತ್ತಿರ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಒಂದು ದಿನ ಅವನು ಕೈ ಒರೆಸಿಕೊಳ್ಳುತ್ತಾ ಕೇಳಿದ, "ಸಾರ್, ಒಂದ್ ಮಾತು. ನೀವು ಮುಂದೆ ನೋಡ್ಕೊಂಡು ಓಡಿಸ್ತೀರೋ, ಹಿಂದೆ ನೋಡ್ಕೊಂಡು ಓಡಿಸ್ತೀರೋ?"

"ಎರಡೂ ನೋಡ್ಬೇಕಲ್ಲಪ್ಪ."

"ಟೈಟ್ ಮಾಡ್ಕೊಟ್ರೆ ಬೆಳಗ್ಗೆ ಬರ್ತೀರ, ಲೂಸ್ ಮಾಡ್ಕೊಟ್ರೆ ಸಾಯಂಕಾಲ ಬರ್ತೀರ. ತಗೊಳ್ಳಿ, ಇದು ನಿಮ್ಹತ್ರಾನೇ ಇರ್ಲಿ. ನಾನೂ ಬೇರೆ ಗಾಡಿ ನೋಡ್ಬೇಕು." ಹೀಗೆ ಆ ಸ್ಪ್ಯಾನರು ನನ್ನದಾಯಿತು. ನಾನದನ್ನು ಉಡುಗೊರೆ ಎಂದುಕೊಂಡೆ. ಸುಮಾ ಅದನ್ನು ಗಡೀಪಾರು ಅಂದಳು.

ಈ ಭಯ ಆಫೀಸಿನಲ್ಲಿ ಅಂಟಿದ್ದಲ್ಲ, ನಿಜ ಹೇಳಬೇಕೆಂದರೆ. ಆಫೀಸು ಅದಕ್ಕೆ ಸಂಬಳ ಕೊಟ್ಟು ಸಾಕಿತು, ಅಷ್ಟೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ನಾನೇ ಒಂದು ಕನ್ನಡಿಯಾಗಿದ್ದೆ. ರಾಜಾಜಿನಗರದ ಬಾಡಿಗೆ ಮನೆ. ಅಪ್ಪನ ಬೂದು ಬಣ್ಣದ ಸ್ಕೂಟರು. ಅದರ ಜೊತೆ ಬಂದಿದ್ದ ಒಂದೇ ಒಂದು ದುಂಡು ಕನ್ನಡಿಯನ್ನು ಅಪ್ಪ ಮೊದಲ ವಾರವೇ ಬಿಚ್ಚಿ, ಅದರ ಕಡ್ಡಿಯನ್ನು ಬಚ್ಚಲು ಮನೆಯ ಕಿಟಕಿಯ ಸರಳಿಗೆ ಕಟ್ಟಿದ್ದರು. ರಸ್ತೆಯಲ್ಲಿದ್ದರೆ ಯಾರಾದರೂ ಕದಿಯುತ್ತಾರೆ, ಇಲ್ಲಿದ್ದರೆ ಗಡ್ಡಕ್ಕಾಗುತ್ತದೆ ಎಂಬುದು ಅವರ ವಾದ. ಬೆಳಗ್ಗೆ ಆ ದುಂಡು ಗಾಜಿನಲ್ಲಿ ಅಪ್ಪನ ನೊರೆಮುಖ ದೊಡ್ಡದಾಗಿ, ಅದರ ಹಿಂದೆ ಹಲ್ಲುಜ್ಜುತ್ತಾ ನಿಂತ ನಾನು ಬಟಾಣಿಯಷ್ಟಾಗಿ ಕಾಣುತ್ತಿದ್ದೆ.

ಹಾಗಾದರೆ ಸ್ಕೂಟರಿನ ಹಿಂದೆ ನೋಡುವವರು ಯಾರು? ನಾನು. ಹಿಂದಿನ ಸೀಟಿನಲ್ಲಿ ನಾನು ತಿರುವುಮುರುವಾಗಿ, ಅಪ್ಪನ ಬೆನ್ನಿಗೆ ಬೆನ್ನು ಕೊಟ್ಟು, ಸ್ಟೆಪ್ನಿ ಚಕ್ರದ ಮೇಲೆ ಕಾಲಿಟ್ಟು ಕೂರಬೇಕು. ಬಂದದ್ದನ್ನು ಬಂದ ಹಾಗೆ ಕೂಗಬೇಕು. "ಬಸ್ಸು!" "ಲಾರಿ!" "ಎತ್ತಿನಗಾಡಿ!" ಅಪ್ಪ ಮುಂದೆ ನೋಡುತ್ತಲೇ, "ಎಷ್ಟು ದೂರ?" ಎನ್ನುವರು. "ಆ ಲೈಟ್ ಕಂಬದಷ್ಟು!" ಆಗಲೇ ಪುಕ್ಕಲನಾದ ನಾನು ನಾಯಿ, ಸೈಕಲ್ಲು, ಗಾಳಿಗೆ ಹಾರಿ ಬರುವ ಕಾಗದವನ್ನೂ ಬಿಡದೆ ವರದಿ ಮಾಡುತ್ತಿದ್ದೆ. "ಕಾಗದ ಬೇಡ ಕಣೋ, ಚಕ್ರ ಇರೋದು ಮಾತ್ರ ಹೇಳು" ಎಂದು ಅಪ್ಪ ನಗುತ್ತಿದ್ದರು. ಅವರ ನಗು ನನ್ನ ಕಿವಿಗಿಂತ ಮೊದಲು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಅಷ್ಟು ಹೆಮ್ಮೆಯ ಕೆಲಸ ಆಮೇಲೆ ನನಗೆ ಯಾವ ಆಫೀಸೂ ಕೊಟ್ಟಿಲ್ಲ.

ಒಂದು ಭಾನುವಾರ ಬಸವೇಶ್ವರನಗರದ ಅತ್ತೆಯ ಮನೆಗೆ ಹೊರಟಿದ್ದೆವು. ಅಪ್ಪ ಬಲಕ್ಕೆ ತಿರುಗಬೇಕಿತ್ತು. "ಏನಾದ್ರೂ ಬರ್ತಿದ್ಯೇನೋ?" ಎಂದು ಕೇಳಿದರು. ಬರುತ್ತಿತ್ತು. ಮರಳು ತುಂಬಿದ ಲಾರಿ, ಲೈಟ್ ಕಂಬಕ್ಕಿಂತ ಎಷ್ಟೋ ಹತ್ತಿರ, ಅದರ ಮುಂಭಾಗ ನನ್ನ ಮುಖದಷ್ಟು ಎತ್ತರದಿಂದ ಶುರುವಾಗಿ ಆಕಾಶದವರೆಗೂ ಇತ್ತು. ಕೂಗಬೇಕಾಗಿತ್ತು. ನಾನು ಹೆದರಿ ಕಣ್ಣು ಮುಚ್ಚಿಕೊಂಡೆ. ಕಾಗದಕ್ಕೂ ಕೂಗುವವನು ಸುಮ್ಮನಿದ್ದಾನೆಂದರೆ ರಸ್ತೆ ಖಾಲಿ ಇದೆ ಎಂದು ಅಪ್ಪ ತಿಳಿದರು. ತಿರುಗಿಸಿದರು.

ಬ್ರೇಕಿನ ಸದ್ದು ಇನ್ನೂ ಕೇಳಿಸುತ್ತದೆ. ಲಾರಿ ತಗಲಲಿಲ್ಲ, ತಪ್ಪಿಸಿಕೊಳ್ಳುವಾಗ ಸ್ಕೂಟರು ಉರುಳಿತು. ನನಗೆ ಏನೂ ಆಗಲಿಲ್ಲ. ಅಪ್ಪನ ಅಂಗಿಯ ತೋಳು ಹರಿದು, ಮೊಣಕೈಯ ಚರ್ಮ ಕಿತ್ತು ಬಂದಿತ್ತು. ರಸ್ತೆ ಬದಿಯಲ್ಲಿ ಕೂತು, ಕರವಸ್ತ್ರ ಸುತ್ತಿಕೊಳ್ಳುತ್ತಾ ಕೇಳಿದರು, "ಕಾಣ್ಲಿಲ್ವೇನೋ?"

"ಕಾಣ್ತು."

"ಮತ್ತೆ?"

"ಹೆದ್ರಿಕೆ ಆಯ್ತು."

ಅಪ್ಪ ಬಯ್ಯಲಿಲ್ಲ. ಬೈದಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯ ಬರುತ್ತಿರಲಿಲ್ಲವೋ ಏನೋ. ಮಾರನೆಯ ಬೆಳಗ್ಗೆ ಬಚ್ಚಲಿನ ಕಿಟಕಿಯಲ್ಲಿ ಕನ್ನಡಿ ಇರಲಿಲ್ಲ. ಅದು ಸ್ಕೂಟರಿಗೆ ವಾಪಸು ಹೋಗಿತ್ತು. ಅಪ್ಪ ಅಮ್ಮನ ಕುಂಕುಮದ ಡಬ್ಬಿಯ ಮುಚ್ಚಳದ ಕನ್ನಡಿ ಹಿಡಿದು, ಕೆನ್ನೆಯನ್ನು ಕಂತು ಕಂತಾಗಿ ನೋಡಿಕೊಳ್ಳುತ್ತಾ ಗಡ್ಡ ಹೆರೆಯುತ್ತಿದ್ದರು. ಎರಡು ಕಡೆ ರಕ್ತ ಬಂದಿತ್ತು. "ಇನ್ಮೇಲೆ ಮುಂದೆ ನೋಡ್ಕೊಂಡು ಕೂತ್ಕೋ ಮರಿ" ಎಂದರು, ಬಹಳ ಮೆತ್ತಗೆ. ನನ್ನ ಕೆಲಸ ಹೋಯಿತು.

ಈಗ ಮಗಳ ವಿಷಯಕ್ಕೆ ಬರುತ್ತೇನೆ, ಬಾರದೆ ಉಪಾಯವಿಲ್ಲ. ಸಿಂಚನಾಳ ಕಾಲೇಜು ಕೆಂಗೇರಿ ಉಪನಗರದ ಆಚೆ ಇದೆ. ಸ್ಕೂಟರ್ ಕೊಡಿಸುತ್ತೇನೆ ಅಂದರೆ ಬೇಡ, ನನ್ನ ಬೈಕೇ ಬೇಕು ಎಂದಳು. ಕಲಿತಳು. ಲೈಸೆನ್ಸು ತಂದಳು. ಹೆದರುವವನ ಮಗಳು ಹೇಗೆ ಹೀಗಾದಳೋ ತಿಳಿಯದು. ತಾಯಿಯ ಕಡೆಯ ಧೈರ್ಯ, ಎತ್ತರವೂ ತಾಯಿಯದೇ. ನಾನು ಆರಡಿಗೆ ಒಂದು ಬೆರಳು ಕಡಿಮೆ. ಅವಳು ನನ್ನ ಹೆಗಲಿಗೆ ಬರುತ್ತಾಳೆ. ಈ ಅಳತೆಯನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಂಡಿರಲಿಲ್ಲ.

ಸೋಮವಾರದಿಂದ ಶುಕ್ರವಾರದವರೆಗೆ ಬೈಕು ಅವಳದು, ನನಗೆ ಮೆಟ್ರೋ. ಅವಳು ಸಂಜೆ ಬರುತ್ತಿದ್ದಂತೆ ನಾನು ಕೆಳಗಿಳಿದು ಕನ್ನಡಿ ನೋಡುವುದು; ಅದು ನೆಲ ನೋಡುತ್ತಾ ಬಗ್ಗಿರುವುದು; ಅಯ್ಯೋ ಎಂದು ಮೇಲೆತ್ತಿ ಸರಿಮಾಡುವುದು. "ಅಪ್ಪಾ, ನೀನು ಕನ್ನಡಿ ಮುಟ್ಬೇಡ. ದಿನಾ ಬೆಳಗ್ಗೆ ನಾನು ಮತ್ತೆ ತಿರುಗಿಸ್ಕೊಬೇಕು" ಎಂದು ಎರಡು ಮೂರು ಸಲ ಹೇಳಿದಳು. ಆಯಿತು ಪುಟ್ಟಾ ಅಂದೆ. ಮುಟ್ಟಿದೆ. ಗೇಟು ಸದ್ದಾಗುವವರೆಗೆ ನನಗೆ ದಿನವೂ ಹೊಟ್ಟೆಯಲ್ಲಿ ಯಾರೋ ಬಟ್ಟೆ ಹಿಂಡುತ್ತಿದ್ದ ಹಾಗೆ. ಆಂಬುಲೆನ್ಸಿನ ಸದ್ದು ಕೇಳಿದರೆ ಅದು ಮೈಸೂರು ರಸ್ತೆಯ ಕಡೆಯಿಂದ ಬಂತೇ ಎಂದು ಆಫೀಸಿನ ಕಿಟಕಿಗೆ ಓಡುತ್ತಿದ್ದೆ. ಆಫೀಸಿನಿಂದ ಮೈಸೂರು ರಸ್ತೆ ಎಲ್ಲಿ, ನಾನೆಲ್ಲಿ! ಈ ಹಿಂಡುವ ಕೈಗೆ ಏನಾದರೂ ಕೆಲಸ ಕೊಡಬೇಕಿತ್ತು. ಸ್ಪ್ಯಾನರ್ ಕೊಟ್ಟೆ.

ಇನ್ನೂ ಒಂದು ತಪ್ಪೊಪ್ಪಿಗೆ ಇದೆ. ಅವಳ ಕಪ್ಪು ಹೆಲ್ಮೆಟ್ಟಿನ ನೆತ್ತಿಗೆ ನಾನು ಕೆಂಪು ಟೇಪಿನಿಂದ ದೊಡ್ಡದೊಂದು ಪ್ಲಸ್ ಗುರುತು ಅಂಟಿಸಿದ್ದೆ. ಯಾಕಪ್ಪಾ ಎಂದಾಗ, ಹಿಂದಿನವರಿಗೆ ಕಾಣಲಿ ಎಂದೆ. ನಿಜವಾದ ಕಾರಣ ಬೇರೆ. ನಾಯಂಡಹಳ್ಳಿಯಿಂದ ಆಚೆ ಮೆಟ್ರೋ ಮೈಸೂರು ರಸ್ತೆಯ ಮೇಲೇ ಹೋಗುತ್ತದೆ. ನನ್ನ ಆಫೀಸು ಮೆಜೆಸ್ಟಿಕ್ಕಿನ ಕಡೆ. ನಾನು ವಾರಕ್ಕೆ ಮೂರು ದಿನ ಉಲ್ಟಾ, ಕೆಂಗೇರಿಯ ರೈಲು ಹತ್ತಿ, ಕಿಟಕಿಗೆ ಹಣೆ ಒತ್ತಿ, ಕೆಳಗಿನ ಹೆಲ್ಮೆಟ್ಟುಗಳ ನಡುವೆ ಕೆಂಪು ಪ್ಲಸ್ ಹುಡುಕುತ್ತಿದ್ದೆ. ಸಿಕ್ಕಿದರೆ ಒಂದು ಉಸಿರು. ಆಮೇಲೆ ಇಳಿದು ಈ ಕಡೆಯ ರೈಲು ಹಿಡಿದು ಆಫೀಸಿಗೆ ತಡವಾಗಿ ಹೋಗುವುದು. ಮೇಲಧಿಕಾರಿಗೆ ಬಿ.ಪಿ. ಅಂತ ಹೇಳಿದ್ದೆ. ಅದೇನೂ ಪೂರ್ತಿ ಸುಳ್ಳಲ್ಲ.

ಆ ಗುರುವಾರ ಬೆಳಗ್ಗೆ ಕನ್ನಡಿಗಳೆರಡೂ ಸಡಿಲವಾಗಿವೆ ಎನ್ನಿಸಿತು. ಬೈಕಿನ ಮೇಲೆ ಕೂತೆ. ನನ್ನ ಕಣ್ಣಿಗೆ ಮೊಣಕೈ ಒಂದು ಚೂರು, ಗೆರೆ ನಡುಮಧ್ಯಕ್ಕೆ. ಇನ್ನು ಇಡೀ ವಿಜಯನಗರ ಬಂದು ತಲೆ ಬಾಚಿದರೂ ಅಲ್ಲಾಡಬಾರದು ಎಂದು, ಹಲ್ಲು ಕಚ್ಚಿ, ಸ್ಪ್ಯಾನರಿನಿಂದ ನಟ್ಟು ಬಿಗಿದೆ. ಸಿಂಚನಾಗೆ ಅವತ್ತು ಪ್ರಾಕ್ಟಿಕಲ್ಲು, ತಡವಾಗಿತ್ತು. "ಬೈ ಅಪ್ಪಾ" ಎಂದು ಕನ್ನಡಿ ನೋಡದೆಯೇ ಹೊರಟಳು. ನಾನು ಸ್ಪ್ಯಾನರನ್ನು ಜೇಬಿಗಿಳಿಸಿ ಮೆಟ್ರೋಗೆ ನಡೆದೆ. ಅಲ್ಲಿ ನಡೆದದ್ದು ನಿಮಗೆ ಗೊತ್ತಿದೆ. ಹತ್ತಿದ್ದು ಕೆಂಗೇರಿಯ ರೈಲು.

ಜ್ಞಾನಭಾರತಿ ನಿಲ್ದಾಣ ಇನ್ನೇನು ಬರಬೇಕು. ಕೆಳಗೆ ಕೆಂಪು ಪ್ಲಸ್ ಕಂಡಿತು. ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಅದು ತಟ್ಟನೆ ಬಲಕ್ಕೆ ಸರಿಯಿತು. ಅದರ ಪಕ್ಕದಲ್ಲೇ, ಅಂಟಿಕೊಂಡ ಹಾಗೆ, ಒಂದು ನೀರಿನ ಟ್ಯಾಂಕರು. ಮೇಲಿನಿಂದ ನೋಡಿದರೆ ಟ್ಯಾಂಕರಿನ ಮುಚ್ಚಳ ಕಾಣುತ್ತದೆ, ಮುಚ್ಚಳದ ಸಂದಿಯಿಂದ ತುಳುಕುವ ನೀರೂ ಕಾಣುತ್ತದೆ. ಸದ್ದು ಮಾತ್ರ ಕೇಳಿಸುವುದಿಲ್ಲ. ನೀರು ಒಮ್ಮೆಲೇ ಮುಂದಕ್ಕೆ ಚಿಮ್ಮಿತು. ಅಂದರೆ ಬ್ರೇಕು. ಅಷ್ಟರಲ್ಲಿ ಹಳಿಯ ಪಕ್ಕದ ಗೋಡೆ ಅಡ್ಡ ಬಂತು.

ನಾನು ಕಣ್ಣು ಮುಚ್ಚಿಕೊಂಡೆ. ನಲವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ, ಮತ್ತೆ ಅದೇ ಕೆಲಸ.

ನಿಲ್ದಾಣದಲ್ಲಿ ಇಳಿದು ಮೆಟ್ಟಿಲು ಹೇಗಿಳಿದೆನೋ. ಬಂದ ದಿಕ್ಕಿಗೆ ರಸ್ತೆಯುದ್ದಕ್ಕೂ ಅರ್ಧ ಓಡುತ್ತಾ ಅರ್ಧ ನಡೆಯುತ್ತಾ ಹೋದೆ. ಜನ ಗುಂಪುಗೂಡಿದ್ದಾರೆಯೇ ಎಂದು ನೋಡುವುದು, ನೋಡಲು ಹೆದರುವುದು. ಗುಂಪು ಇರಲಿಲ್ಲ. ರಸ್ತೆಯ ಮೇಲೆ ಚೆಲ್ಲಿದ ನೀರು ಮಾತ್ರ ಇತ್ತು, ಅದರ ಮೇಲೆ ಗಾಡಿಗಳು ಓಡಾಡುತ್ತಿದ್ದವು. ಬಗ್ಗಿ ಆ ನೀರಿನ ಬಣ್ಣ ನೋಡಿದೆ. ನಿಮಗೆ ಹೇಳಲು ನಾಚಿಕೆ, ಆದರೆ ನೋಡಿದೆ. ಬರೀ ನೀರು. ಫೋನ್ ಮಾಡಿದೆ. ಎತ್ತಲಿಲ್ಲ. ಹನ್ನೊಂದು ಸಲ ಮಾಡಿದೆ. ಹನ್ನೆರಡನೆಯದಕ್ಕೆ ಎತ್ತಿ, "ಏನಪ್ಪಾ, ಕಾಲೇಜಿಗೆ ಬಂದೆ. ಲ್ಯಾಬಲ್ಲಿದೀನಿ" ಎಂದಳು. ದನಿ ಸರಿಯಿರಲಿಲ್ಲ. ನನ್ನದಂತೂ ಇರಲೇ ಇಲ್ಲ. "ಏನಿಲ್ಲ, ಸುಮ್ನೆ" ಎಂದೆ.

ಸಂಜೆ ಅಡುಗೆಮನೆಯ ಕಟ್ಟೆ ಒರಗಿ ನಿಂತು ಅವಳು ತಾಯಿಗೆ ಹೇಳಿದಳು. ನಾನು ಬಾಗಿಲಲ್ಲಿದ್ದೆ.

"ಮುಂದೆ ಆಟೋದವನು ಟಕ್ ಅಂತ ನಿಲ್ಸಿದ ಅಮ್ಮ. ಬಲಕ್ಕೆ ಹೋಗೋಣ ಅಂತ ಕನ್ನಡಿ ನೋಡಿದ್ರೆ ರೋಡೇ ಇಲ್ಲ. ಆಕಾಶ, ಮೆಟ್ರೋ ಟ್ರೈನು, ಅಷ್ಟೆ. ಕೈಯಲ್ಲಿ ತಿರುಗ್ಸಕ್ಕೆ ಹೋದೆ, ಅಲ್ಲಾಡ್ತಾನೇ ಇಲ್ಲ. ಟೈಮ್ ಇರ್ಲಿಲ್ಲ, ಗಾಡಿ ಹಾಗೇ ಬಲಕ್ಕೆ ಎಳ್ದೆ. ಟ್ಯಾಂಕರ್ ಇತ್ತು." ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿ ತೋರಿಸಿದಳು. "ಇಷ್ಟು."

ಒಂದು ಗೇಣು. ನನ್ನ ಸ್ಪ್ಯಾನರಿನಷ್ಟು.

ಸುಮಾ ಒಲೆ ಆರಿಸಿ ನನ್ನ ಕಡೆ ತಿರುಗಿದಳು.

"ನಾನೇ ಟೈಟ್ ಮಾಡಿದ್ದು, ನನ್ನ ಎತ್ತರಕ್ಕೆ" ಎಂದೆ.

"ಗೊತ್ತು" ಎಂದಳು ಸಿಂಚನಾ.

"ಆ ಟ್ರೈನಲ್ಲಿ ನಾನೇ ಇದ್ದೆ."

"ಅದೂ ಅಂದ್ಕೊಂಡೆ. ಹೆಲ್ಮೆಟ್ ನೆತ್ತಿ ಮೇಲಿನ ಟೇಪು ಹಿಂದಿನವರಿಗೆ ಕಾಣಲ್ಲ ಅಪ್ಪ. ಮೇಲಿನವರಿಗೆ ಕಾಣುತ್ತೆ."

ಬೈಯುತ್ತಾಳೆ ಎಂದು ಕಾದೆ. ಅವಳೂ ಬಯ್ಯಲಿಲ್ಲ. ನಮ್ಮ ವಂಶದಲ್ಲಿ ಬಯ್ಯಬೇಕಾದಾಗ ಯಾರೂ ಬಯ್ಯುವುದಿಲ್ಲ, ಅದೇ ತೊಂದರೆ. ಕೈಚಾಚಿ, "ಸ್ಪ್ಯಾನರ್ ಕೊಡು" ಅಂದಳು. ಕೊಟ್ಟೆ. ಮೂಸಿ ನೋಡಿ, "ಮಲ್ಲಿಗೆ ಹೂವಿನ ವಾಸನೆ ಯಾಕಿದೆ?" ಎಂದಳು. ಅದನ್ನೂ ಹೇಳಬೇಕಾಯಿತು. ಆಗ ಸುಮಾಳಿಗೆ ತಡೆಯಲಾರದೆ ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾರನೆಯ ದಿನ ಬೈಕು ಹೊರಗೆ ಹೋಗಲಿಲ್ಲ. ಭಾನುವಾರ ಬೆಳಗ್ಗೆ ಸಿಂಚನಾ ನನ್ನನ್ನು ಮನೆ ಮುಂದಿನ ರಸ್ತೆಗೆ ಕರೆದಳು. ಹೆಲ್ಮೆಟ್ ಹಾಕಿಕೊಂಡು, ಎರಡೂ ಕಾಲು ನೆಲಕ್ಕೂರಿ ಬೈಕಿನ ಮೇಲೆ ಕೂತಿದ್ದಳು. ನಟ್ಟು ಆಗಲೇ ಸಡಿಲಿಸಿದ್ದಳು.

"ಹಿಂದೆ ಹೋಗು. ಇನ್ನೂ. ಆ ಹೊಂಗೆ ಮರದ ಹತ್ರ."

ಹೋದೆ.

"ತಲೆ ಕಾಣ್ತಿದೆ. ಕಾಲೂ ಕಾಣ್ತಿದೆ. ಹೊಟ್ಟೆ ಎರಡು ಕನ್ನಡೀಲೂ ಕಾಣ್ತಿದೆ." ಗೇಟಿನಲ್ಲಿ ಸುಮಾ, "ಅದು ಕನ್ನಡಿ ಇಲ್ದೇನೂ ಕಾಣುತ್ತೆ ಕಣೇ" ಎಂದಳು.

"ಈಗ ಬಲಗಡೆಯಿಂದ ನಿಧಾನಕ್ಕೆ ಮುಂದೆ ಬಾ. ಟ್ಯಾಂಕರ್ ಥರ."

ಟ್ಯಾಂಕರಿನಂತೆ ಬಂದೆ. "ಕಾಣ್ತಿದೀಯ... ಕಾಣ್ತಿದೀಯ... ಕಾಣ್ತಿದೀಯ..." ಎನ್ನುತ್ತಿದ್ದವಳು, ನಾನು ಅವಳ ಬಲಭುಜದ ಹಿಂದೆ ಒಂದು ತೋಳಿನಷ್ಟು ದೂರದಲ್ಲಿದ್ದಾಗ, "ಈಗ ಇಲ್ಲ" ಎಂದಳು.

ನಾನು ನಿಂತುಬಿಟ್ಟೆ. ಕೈ ಚಾಚಿದರೆ ಅವಳ ಬೆನ್ನು ಸಿಗುತ್ತಿತ್ತು. ಅವಳ ಪಾಲಿಗೆ ನಾನಿರಲಿಲ್ಲ.

"ಸರಿ ಮಾಡು ಮತ್ತೆ. ಇನ್ನೊಂಚೂರು ಹೊರಗೆ ತಿರುಗ್ಸು."

"ಹೊರಗೆ ತಿರುಗಿಸಿದ್ರೆ ಇನ್ನೊಂದು ಕಡೆ ಹೋಗುತ್ತೆ. ಎಷ್ಟು ಸರಿ ಮಾಡಿದ್ರೂ ಒಂದು ಜಾಗ ಕಾಣಲ್ಲಪ್ಪ. ಎಲ್ಲ ಗಾಡೀಲೂ ಅಷ್ಟೆ."

"ಹಾಗಾದ್ರೆ?"

"ಕುತ್ತಿಗೆ ತಿರುಗ್ಸಿ ನೋಡ್ಬೇಕು. ಅವತ್ತು ನಾನೂ ನೋಡ್ಲಿಲ್ಲ" ಎಂದು ಹೆಲ್ಮೆಟ್ಟಿನ ಗಾಜೆತ್ತಿ, ಬಲಕ್ಕೆ ಕುತ್ತಿಗೆ ತಿರುಗಿಸಿ, ನನ್ನನ್ನು ನೋಡಿದಳು. "ಅಲ್ಲೇ ನಿಂತಿರು. ಇನ್ನೊಂದು ಹತ್ತು ಸಲ ಅಭ್ಯಾಸ ಮಾಡ್ತೀನಿ."

ನಿಂತೆ. ಅವಳು ಎಡ ಕನ್ನಡಿ ನೋಡುವಳು, ಬಲ ಕನ್ನಡಿ ನೋಡುವಳು, ತಿರುಗಿ ನನ್ನನ್ನು ನೋಡುವಳು. ನಾನು ಪ್ರತಿಸಲವೂ "ಟ್ಯಾಂಕರ್" ಎನ್ನುತ್ತಿದ್ದೆ. ನಾಲ್ಕನೇ ಸಲಕ್ಕೆ, "ನೀನು ಹೇಳ್ಬೇಡ ಅಪ್ಪ, ಸುಮ್ನೆ ಇರು. ನಾನೇ ನೋಡ್ಬೇಕು" ಎಂದಳು. ಸುಮ್ಮನಿದ್ದೆ. ಸುಮ್ಮನಿರುವುದೂ ಒಂದು ಕೆಲಸವಾಗಬಹುದೆಂದು ಒಂಬತ್ತನೆಯ ವಯಸ್ಸಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಕೊನೆಗೆ ಅವಳೇ ನಟ್ಟು ಬಿಗಿದಳು, ಕೈಯಲ್ಲಿ ತಿರುಗುವಷ್ಟು, ಗಾಳಿಗೆ ತಿರುಗದಷ್ಟು. ಸ್ಪ್ಯಾನರನ್ನು ಕಾಲೇಜಿನ ಬ್ಯಾಗಿಗೆ ಹಾಕಿಕೊಂಡಳು. ಟೇಪನ್ನು ಕಿತ್ತುಹಾಕುತ್ತಾಳೆ ಅಂದುಕೊಂಡಿದ್ದೆ. ಕೀಳಲಿಲ್ಲ.

ಸೋಮವಾರ ಬೆಳಗ್ಗೆ ನಾನು ಕೆಳಗಿಳಿಯಬಾರದು ಎಂದುಕೊಂಡು ಗೇಟಿನವರೆಗೆ ಇಳಿದೆ. ಜೇಬಿನಲ್ಲಿ ಕೈಯಿಟ್ಟರೆ ಹಿಡಿಯಲು ಏನೂ ಇರಲಿಲ್ಲ, ಕೈ ಜೇಬಿನಲ್ಲೇ ಮುಷ್ಟಿಯಾಯಿತು. ಬೈಕು ನಮ್ಮ ರಸ್ತೆಯ ಕೊನೆಗೆ ಹೋಯಿತು. ಅಲ್ಲಿ ಬಲಕ್ಕೆ ತಿರುಗಬೇಕು. ನಿಧಾನ ಮಾಡಿದಳು. ಕೆಂಪು ಪ್ಲಸ್ಸಿನ ಹೆಲ್ಮೆಟ್ಟು ಚೂರು ಎಡಕ್ಕೆ, ಚೂರು ಬಲಕ್ಕೆ ಆಡಿತು. ಆಮೇಲೆ ಪೂರ್ತಿಯಾಗಿ ಬಲಭುಜದ ಹಿಂದಕ್ಕೆ, ನಿನ್ನೆ ನಾನು ನಿಂತಿದ್ದ ಜಾಗಕ್ಕೆ ತಿರುಗಿತು. ಅಲ್ಲಿ ಯಾರೂ ಇರಲಿಲ್ಲ. ನಾನು ಇಷ್ಟು ದೂರದಲ್ಲಿ ಗೇಟು ಹಿಡಿದು ನಿಂತಿದ್ದೆ. ಆದರೂ ಕೈ ಎತ್ತಿದೆ.